ಮಣ್ಣನ್ನೊಲ್ಲದ ಹೂಬಳ್ಳಿ

(ಬಾನುಲಿ ಭಾಷಣ)

ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ, ಕುಡಿಯುವ ನೀರಿನ ಹರವಿಯ ಮೇಲ್ಗಡೆ, ಜಂತಿಯ ಕೊಂಡಿಯಿಂದ ಒಂದು ಬುಟ್ಟಿ ತೂಗಿಕೊಂಡಿದೆ. ಅದರ ಅಂಚಿನಿಂದ ಹತ್ತು ಹನ್ನೆರಡು ಬಳ್ಳಿಗಳು ಮೊಳದುದ್ದ ಇಳಿಬಿದ್ದಿವೆ. ಎಲೆಗಳು ಜೋಡಿಜೋಡಿಯಾಗಿ, ದಪ್ಪನಾಗಿ, ಮೇಣ ಸವರಿದಂತೆ ಹೊಳೆಯುತ್ತವೆ. ಬಳ್ಳಿಯ ತುದಿಯಲ್ಲಿ ಕಗ್ಗೆಂಪು ಬಣ್ಣದ ಪುಟ್ಟ ಕೊಳವೆಗಳ ಗೊಂಚಲು. ಒಂದೊಂದು ಕೊಳವೆಯೊಳಗಿಂದಲೂ ಕೆಂಪು ಮೊಗ್ಗೊಂದು ದಿನಕ್ಕಿಷ್ಟಿಷ್ಟೇ ಹೊರಗೆ ಇಣುಕುತ್ತದೆ. ಇದನ್ನು ಕಂಡ ಇಂಗ್ಲಿಷರಿಗೆ ತುಟಿಗೆ ಬಳಿಯುವ ರಂಗಿನ ಕಡ್ಡಿ ನೆನಪಾಗಿರಬೇಕು. ಪೇಟೆಯಲ್ಲಿ ಇದಕ್ಕೆ ಲಿಪ್‌ಸ್ಟಿಕ್ ಗಿಡವೆಂದೇ ಹೆಸರು. ನನಗೆ ಮಾತ್ರ ನಮ್ಮವ್ವನ ಕುಂಕುಮದ ಭರಣಿ ನೆನಪಾಗುತ್ತದೆ. ಸಸ್ಯಶಾಸ್ತ್ರಜ್ಞರು ಇದನ್ನು ಈಸ್ಕಿನಾಂಥಸ್ ಎಂದು ಕರೆಯುತ್ತಾರೆ. ಗ್ರೀಕ್ ಭಾಷೆಯ ನಾಚಿಕೆ ಎಂಬ ಪದವನ್ನೂ ಹೂ ಎಂಬ ಪದವನ್ನೂ ಕೂಡಿಸಿ ಮಾಡಿದ ಸಮಾಸವದು. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಸಮಾಸ ಬಿಡಿಸುವುದನ್ನೇ ಕಲಿಸಿದ ನನಗೆ, ನಾಚಿ ಕೆಂಪಾದ ಹೂ ಎಂದು ಅದರ ವಿಗ್ರಹವಾಕ್ಯವನ್ನು ಹೇಳಿಕೊಂಡಾಗ ಸಂತೋಷವಾಯಿತು.

ಈ ಗಿಡವನ್ನು ಮನೆಯಲ್ಲಿ ಬೆಳೆಸುವ ಬಗೆಯನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ. ಆದರೆ ಮೊದಲು, ನನ್ನಿಂದಾಗಿ ಸತ್ತ ಇನ್ನೊಂದು ಗಿಡದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ.

ಅದು 1981ರ ಮೇ ತಿಂಗಳು. ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದ ನಾವು ಕೆಲವರು ಗೆಳೆಯರು ಖಾನಾಪುರ ತಾಲೂಕಿನ ಕಣಕುಂಬಿಗೆ, ಮಲಪ್ರಭೆ ಹುಟ್ಟುವ ಸ್ಥಳವನ್ನು ನೋಡಲು ಹೋಗಿದ್ದೆವು. ಬಯಲುಸೀಮೆಯ ಹುಡುಗನಾದ ನನಗೆ ದಟ್ಟವಾದ ಕಾಡಿನ ಮೊದಲ ದರ್ಶನವದು. ದಾರಿಯ ಪಕ್ಕದ ಒಂದು ಮರದ ಕೊಂಬೆಯಿಂದ ಹೂವಿನ ದಂಡೆಗಳು ಇಳಿಬಿದ್ದಿದ್ದವು. ಬಿಳಿಯ ಎಸಳಿನ ಮೇಲೆ ತಿಳಿನೇರಳೆಯ ಚುಕ್ಕೆಗಳು. ಸೀತಾಳೆ ದಂಡೆ ಎಂದು ಜೊತೆಯಲ್ಲಿದ್ದವರು ಹೇಳಿದರು. ವನವಾಸದಲ್ಲಿ ಸೀತಾದೇವಿ ಮುಡಿದ ಹೂವೆಂಬುದು ಜನರ ನಂಬಿಕೆ. ನಮ್ಮವ್ವ ಎಂದೂ ಕಾಡನ್ನು ಕಂಡವಳಲ್ಲ. ಸೀತೆ ಮುಡಿದ ಹೂವನ್ನು ಅವಳಿಗೆ ಒಯ್ದುಕೊಡಬೇಕೆಂಬ ಹುಮ್ಮಸ್ಸಿನಲ್ಲಿ ತೊಗಟೆಯ ಸಮೇತ ಒಂದು ಗಿಡವನ್ನು ಕಿತ್ತೆ. ಹಾಗೆ ಕೀಳುವುದು ತಪ್ಪೆಂಬ ಅರಿವು ಆಗ ನನಗಿರಲಿಲ್ಲ. ಹಳೆಯ ವರ್ತಮಾನಪತ್ರಿಕೆಯಲ್ಲಿ ಸುತ್ತಿಕೊಂಡು, ಎರಡು ಬಸ್ಸು ಬದಲಿಸಿ, ಗೋಕಾಕಕ್ಕೆ ತಂದೆ.

ಅವ್ವ ಹಿಗ್ಗಿದಳು. ಇದ್ದುದರಲ್ಲಿ ಒಳ್ಳೆಯ ಕುಂಡವನ್ನು ತೊಳೆದು, ಹೊಲದಿಂದ ತರಿಸಿದ ಎರೆಮಣ್ಣನ್ನು ತುಂಬಿ, ಮೇಲೆ ಎರಡು ಬೊಗಸೆ ಸಗಣಿ ಗೊಬ್ಬರ ಹಾಕಿ, ಗಿಡದ ಬೇರುಗಳೆಲ್ಲ ಮುಚ್ಚುವಂತೆ ಹೂಳಿದಳು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ತಾನು ಚಹಾ ಕುಡಿಯುವ ಮೊದಲು, ಒಂದು ತಂಬಿಗೆ ನೀರೆರೆಯುತ್ತಿದ್ದಳು. ಹದಿನೈದು ದಿನಕ್ಕೆ ಎಲೆಗಳು ಬಾಡಿದವು. ಬಾಡಿತೆಂದು ಸಂಜೆಗೂ ಒಂದು ತಂಬಿಗೆ ನೀರು ಸುರುವಾಯಿತು. ಆಷಾಢದ ಹೊತ್ತಿಗೆ ಗಿಡ ಬುಡದಲ್ಲಿ ಕರ್ರಗಾಗಿ, ಮುಟ್ಟಿದರೆ ಕೈಗೆ ಬರುವಂತೆ ಕೊಳೆತಿತ್ತು. "ನನ್ನ ಕೈಗುಣಾನ ಛಲೋ ಇಲ್ಲ ಬಿಡಪಾ" ಎಂದಳು ಅವ್ವ. ಅದು ನೋವಿನ ಮಾತೆಂದು ಆಗ ನನಗೆ ಹೊಳೆಯಲಿಲ್ಲ. ಆಮೇಲೆ ಅವಳು ತುಳಸಿಯೊಂದನ್ನು ಬಿಟ್ಟು ಮತ್ತಾವ ಹೂವಿನ ಗಿಡವನ್ನೂ ತನ್ನ ಕೈಯಿಂದ ನೆಡಲಿಲ್ಲ. ಯಾರಾದರೂ ಕಡ್ಡಿ ತಂದುಕೊಟ್ಟರೆ, "ನೀನ ಹಚ್ಚು, ನನ್ನ ಕೈಯಾಗ ಹತ್ತೂದಿಲ್ಲ" ಎನ್ನುತ್ತಿದ್ದಳು. 1996ರಲ್ಲಿ ಅವಳು ತೀರಿಕೊಂಡಳು, ಆ ನಂಬಿಕೆಯನ್ನು ಇಟ್ಟುಕೊಂಡೇ.

ಗಿಡವನ್ನು ಕೊಂದದ್ದು ಅವ್ವನ ಕೈಯಲ್ಲವೆಂದು ನನಗೆ ತಿಳಿದದ್ದು 38 ವರ್ಷಗಳ ಮೇಲೆ. ಅದು ತಿಳಿದ ಬಗೆಯನ್ನು ಆಮೇಲೆ ಹೇಳುತ್ತೇನೆ. ಕಾರಣವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಸೀತಾಳೆ ದಂಡೆಯಾಗಲಿ ಲಿಪ್‌ಸ್ಟಿಕ್ ಗಿಡವಾಗಲಿ ನೆಲದಲ್ಲಿ ಬೇರೂರಿ ಬೆಳೆಯುವ ಜಾತಿಯವಲ್ಲ. ಮಳೆಕಾಡಿನಲ್ಲಿ ನೆಲದ ಮೇಲೆ ಬೆಳಕು ಬೀಳುವುದು ಅಪರೂಪ. ಆದ್ದರಿಂದ ಕೆಲವು ಸಸ್ಯಗಳು ನೆಲದ ಹಂಗನ್ನು ಹರಿದುಕೊಂಡು ಮರದ ಕೊಂಬೆಗಳ ಮೇಲೆ ವಾಸಮಾಡುವುದನ್ನು ಕಲಿತಿವೆ. ಕನ್ನಡದಲ್ಲಿ ಇವನ್ನು ಅಪ್ಪುಗಿಡಗಳೆನ್ನುತ್ತಾರೆ. ಅಪ್ಪಿಕೊಳ್ಳುತ್ತವೆ, ಅಷ್ಟೇ, ಮರದ ರಸವನ್ನು ಹೀರುವುದಿಲ್ಲ. ಹೀರುವ ಜಾತಿ ಬೇರೆ, ಅದು ಬದನಿಕೆ. ನಮ್ಮ ಜನ ಎರಡನ್ನೂ ಒಂದೇ ಎಂದು ತಿಳಿಯುವುದುಂಟು, ಇನ್ನೊಬ್ಬರ ಮನೆಯಲ್ಲಿ ಬಿಡಾರ ಹೂಡಿದವನನ್ನು ಬದನಿಕೆ ಎಂದು ಹಳಿಯುವುದೂ ಉಂಟು. ಅಮರಕೋಶದಲ್ಲಿ ವಂದಾ ಎಂಬ ಗಿಡಕ್ಕೆ ಕೊಟ್ಟಿರುವ ಪರ್ಯಾಯಪದಗಳನ್ನು ನೋಡಿದರೆ ಈ ಗೊಂದಲ ಹಳೆಯದೆಂದು ತೋರುತ್ತದೆ. ಒಂದು ಹೆಸರು ವೃಕ್ಷಾದನೀ, ಎಂದರೆ ಮರವನ್ನು ತಿನ್ನುವುದು. ಇನ್ನೊಂದು ವೃಕ್ಷರುಹಾ, ಮರದ ಮೇಲೆ ಹುಟ್ಟಿದ್ದು. ಮೊದಲನೆಯದು ಆರೋಪ, ಎರಡನೆಯದು ಬರಿಯ ವಿಳಾಸ. ಇದೇ ವಂದಾ ಎಂಬ ಸಂಸ್ಕೃತ ಪದ ಮುಂದೆ ಒಂದು ಆರ್ಕಿಡ್ ಕುಲದ ಹೆಸರಾಗಿ ಜಗತ್ತಿನಲ್ಲೆಲ್ಲ ಬಳಕೆಗೆ ಬಂತು. ಆ ಕುಲದವು ತಿನ್ನುವ ಜಾತಿಯವಲ್ಲ, ಅಪ್ಪುವ ಜಾತಿಯವು.

ಕೊಂಬೆಯ ಮೇಲಿನ ಬದುಕನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಮಳೆ ಬಂದರೆ ಧೋ ಎಂದು ಬರುತ್ತದೆ, ಬೇರು ತೊಯ್ದು ತೊಪ್ಪೆಯಾಗುತ್ತದೆ. ಮಳೆ ನಿಂತ ಕೆಲವೇ ಗಳಿಗೆಯಲ್ಲಿ ನೀರೆಲ್ಲ ಇಳಿದುಹೋಗಿ ಗಾಳಿ ಬೀಸಿ ತೊಗಟೆ ಆರುತ್ತದೆ. ಬೇರಿಗೆ ಆಸರೆಯೆಂದರೆ ತೊಗಟೆಯ ಸಂದಿಯ ಹಾವಸೆ, ಕೊಳೆತ ನಾಲ್ಕು ತರಗೆಲೆ. ಊಟವೂ ಅಲ್ಲಿಯದೇ, ಬಹಳ ಮಿತವಾದದ್ದು. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಬಿಳಿಯ ಪದರವಿರುತ್ತದೆ. ಅದು ಸಿಕ್ಕ ನೀರನ್ನು ತಟ್ಟನೆ ಹೀರಿ ಇಟ್ಟುಕೊಳ್ಳುತ್ತದೆ. ಲಿಪ್‌ಸ್ಟಿಕ್ ಗಿಡ ದಪ್ಪನೆಯ ಎಲೆಗಳಲ್ಲಿ ನೀರು ಕೂಡಿಡುತ್ತದೆ. ಎರಡಕ್ಕೂ ನೀರು ಬೇಕು, ಆದರೆ ನೀರು ಬಂದು ಹೋಗಬೇಕು. ಅದು ಹೋದ ಜಾಗಕ್ಕೆ ಗಾಳಿ ಬರಬೇಕು.

ಇನ್ನು ನಮ್ಮ ಎರೆಮಣ್ಣನ್ನು ನೋಡಿ. ಮೂಡಲಗಿಯ ಕಡೆಯ ಹೊಲಗಳ ಕರಿಮಣ್ಣಿನ ಗುಣ ಗೊತ್ತಿಲ್ಲದವರು ಈ ಭಾಗದಲ್ಲಿ ಯಾರಿದ್ದಾರೆ? ಅದರ ಕಣ ಅತಿ ನುಣುಪು. ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು, ಹಿಂಗಾರಿಯ ಬಿಳಿಜೋಳವನ್ನು ಮಂಜು ಬೀಳುವ ದಿನಗಳಲ್ಲಿ ಹನಿ ಮಳೆಯಿಲ್ಲದೆ ತೆನೆಗೆ ತರುತ್ತದೆ. ನಾವು ತಿನ್ನುವ ರೊಟ್ಟಿ ಆ ಮಣ್ಣಿನ ಜಿಪುಣತನದ ಫಲ. ಜೋಳಕ್ಕೆ ವರವಾದ ಅದೇ ಗುಣ ಕುಂಡದಲ್ಲಿ ಅಪ್ಪುಗಿಡಕ್ಕೆ ಮೃತ್ಯು. ಬೇರು ಕೂಡ ನಮ್ಮಂತೆಯೇ ಉಸಿರಾಡುತ್ತದೆ. ಆಮ್ಲಜನಕವು ನೀರಿನ ಮೂಲಕ ಹರಡುವುದು ಗಾಳಿಯ ಮೂಲಕ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಕಣಕಣದ ನಡುವೆ ನೀರು ತುಂಬಿ ನಿಂತ ಮಣ್ಣಿನಲ್ಲಿ ಬೇರು ಉಸಿರುಕಟ್ಟಿ ಸಾಯುತ್ತದೆ, ಸತ್ತದ್ದಕ್ಕೆ ಬೂಷ್ಟು ಹತ್ತುತ್ತದೆ.

ಇಲ್ಲಿ ಒಂದು ಮೋಸವಿದೆ. ಸತ್ತ ಬೇರು ನೀರನ್ನು ಮೇಲಕ್ಕೆ ಕಳಿಸಲಾರದು. ಹೀಗಾಗಿ ಕಾಲಬುಡದಲ್ಲಿ ನೀರಿದ್ದೂ ಎಲೆ ಬಾಯಾರಿ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡವರು ಏನು ಮಾಡುತ್ತಾರೆ? ಇನ್ನೊಂದು ತಂಬಿಗೆ ಹಾಕುತ್ತಾರೆ. ನೀರಡಿಸಿದ ಗಿಡವೂ ನೀರಲ್ಲಿ ಮುಳುಗಿದ ಗಿಡವೂ ದೂರದಿಂದ ಒಂದೇ ರೀತಿ ಕಾಣುತ್ತವೆ. ಅವ್ವನಷ್ಟು ಕಾಳಜಿಯಿಲ್ಲದ ಯಾವಳಾದರೂ ಸೋಮಾರಿಯ ಕೈಯಲ್ಲಿ ಆ ಸೀತಾಳೆ ದಂಡೆ ಇನ್ನಷ್ಟು ದಿನ ಬಾಳುತ್ತಿತ್ತೇನೋ.

ಇದು ನಮ್ಮ ಮನೆಯೊಂದರ ಅಜ್ಞಾನವಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಶ್ರೀಮಂತರು ಉಷ್ಣವಲಯದ ಆರ್ಕಿಡ್‌ಗಳಿಗಾಗಿ ಹಣವನ್ನು ನೀರಿನಂತೆ ಚೆಲ್ಲಿದರು. ಬಿಸಿ ದೇಶದ ಗಿಡವೆಂದು ತಿಳಿದು ಗಾಜಿನ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಒಲೆ ಹಾಕಿ, ಹಬೆಯಾಡುವಂತೆ ಮಾಡಿದರು. ಹಡಗುಗಟ್ಟಲೆ ಬಂದ ಗಿಡಗಳು ಹಡಗುಗಟ್ಟಲೆ ಸತ್ತವು. 1835ರಲ್ಲಿ ಡೆವನ್‌ಶೈರಿನ ಡ್ಯೂಕನು ಜಾನ್ ಗಿಬ್ಸನ್ ಎಂಬ ತರುಣ ತೋಟಗಾರನನ್ನು ನಮ್ಮ ದೇಶಕ್ಕೆ ಕಳಿಸಿದ. ಅವನು ಖಾಸಿ ಬೆಟ್ಟಗಳಲ್ಲಿ ತಿರುಗಾಡಿ, ಆರ್ಕಿಡ್‌ಗಳು ತಂಪಾದ, ಗಾಳಿ ಬೀಸುವ ಎತ್ತರದಲ್ಲಿ ಬೆಳೆಯುವುದನ್ನು ಕಣ್ಣಾರೆ ಕಂಡ. ಡ್ಯೂಕನ ತೋಟದ ಮೇಲ್ವಿಚಾರಕ ಜೋಸೆಫ್ ಪ್ಯಾಕ್ಸ್‌ಟನ್ ಗಾಜಿನ ಮನೆಗಳಲ್ಲಿ ಗಾಳಿಯಾಡಲು ಬಿಟ್ಟು, ಕಾವನ್ನು ತಗ್ಗಿಸಿದ ಮೇಲೆ ಗಿಡಗಳು ಬದುಕತೊಡಗಿದವು. ಡ್ಯೂಕನ ತೋಟಗಾರರೇ ತಪ್ಪಿದ ಮೇಲೆ ಗೋಕಾಕದ ಒಬ್ಬ ಗೃಹಿಣಿಯ ಪಾಡೇನು!

ಈಗ ನನ್ನ ಬುಟ್ಟಿಯ ಕಥೆಗೆ ಬರುತ್ತೇನೆ. 2019ರ ಜನವರಿಯಲ್ಲಿ, ನಾನು ನಿವೃತ್ತನಾದ ಹೊಸತರಲ್ಲಿ, ಬೆಂಗಳೂರಿನಲ್ಲಿರುವ ಮಗಳು ಈ ಲಿಪ್‌ಸ್ಟಿಕ್ ಗಿಡವನ್ನು ತಂದಳು. ಕೈಗೆ ಬಿಡುವು ಬಂದ ಮುದುಕನಿಗೆ ಹೊಸ ಗಿಡ ಸಿಕ್ಕರೆ ಗತಿ ಏನಾಗಬೇಕೋ ಅದೇ ಆಯಿತು. ಬುಟ್ಟಿಯೊಳಗೆ ಬರಿಯ ತೆಂಗಿನ ನಾರಿನ ಪುಡಿಯಿದ್ದುದನ್ನು ಕಂಡು, ಅಂಗಡಿಯವರು ಮೋಸ ಮಾಡಿದ್ದಾರೆಂದು ತಿಳಿದು, ಮೇಲೆ ನಾಲ್ಕು ಬೆರಳು ಎರೆಮಣ್ಣನ್ನೂ ಗೊಬ್ಬರವನ್ನೂ ಒತ್ತಿದೆ. ದಿನಕ್ಕೆರಡು ಸಲ ನೀರು. ಅವ್ವನ ಮಗನಲ್ಲವೇ! ಬೇಸಿಗೆಯುದ್ದಕ್ಕೂ ಎಲೆಗಳು ಹಳದಿಯಾಗಿ ಉದುರಿದವು.

ಆ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳನ್ನು ಹೊಕ್ಕದ್ದು ನಿಮಗೆ ನೆನಪಿರಬಹುದು. ನಾವು ಕೈಗೆ ಸಿಕ್ಕದ್ದನ್ನು ಎತ್ತಿಕೊಂಡು ಎತ್ತರದ ಓಣಿಯ ಬೀಗರ ಮನೆ ಸೇರಿದೆವು. ಹನ್ನೆರಡು ದಿನಗಳ ಮೇಲೆ ಮರಳಿ ಬಂದು ನೋಡಿದರೆ ಪಡಸಾಲೆಯ ತುಂಬ ರಾಡಿ. ಕೆಳಗಿನ ಕಪಾಟಿನ ಪುಸ್ತಕಗಳು ಉಬ್ಬಿ ಮುದ್ದೆಯಾಗಿದ್ದವು. ಆ ಮಾತು ಬೇಡ. ಅಂಗಳದ ಕುಂಡಗಳೆಲ್ಲ ಹೋಗಿದ್ದವು. ಜಂತಿಗೆ ತೂಗಿದ ಬುಟ್ಟಿಯೊಂದು ಮಾತ್ರ ಇದ್ದಲ್ಲಿಯೇ ಇತ್ತು. ಹನ್ನೆರಡು ದಿನ ಹನಿ ನೀರು ಕಾಣದ ಆ ಗಿಡ ಒಣಗಿರಲಿಲ್ಲ. ಉಳಿದ ಎಲೆಗಳು ಗಟ್ಟಿಯಾಗಿ, ನಿಗುರಿಕೊಂಡಿದ್ದವು! ಮೇಲಿನ ಎರೆಮಣ್ಣು ಅಂಚಿನಲ್ಲಿ ಬಿರಿದು ಗಾಳಿಗೆ ದಾರಿ ಮಾಡಿತ್ತು.

ಹುಕ್ಕೇರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲಾಶಿಕ್ಷಕಿಯಾಗಿದ್ದಾಳೆ. ನೆರೆಯ ಸುದ್ದಿ ಕೇಳಿ ನಮ್ಮನ್ನು ನೋಡಲು ಬಂದವಳು ಬುಟ್ಟಿಯನ್ನು ಕೆಳಗಿಳಿಸಿ, ಮಣ್ಣಿನೊಳಗೆ ಬೆರಳಿಟ್ಟು, "ಸರ್, ಇದಕ್ಕ ನೀರಡಿಕಿ ಆಗಿಲ್ಲರಿ, ಉಸಿರ ಕಟ್ಟೇತ್ರಿ" ಎಂದಳು. ಕಂದುಬಣ್ಣಕ್ಕೆ ತಿರುಗಿ ನಾರುತ್ತಿದ್ದ ಬೇರುಗಳನ್ನು ತೋರಿಸಿ, ನಾನು ಮೇಲೆ ಹೇಳಿದ ಸಂಗತಿಗಳನ್ನೆಲ್ಲ ಅರ್ಧ ಗಂಟೆಯಲ್ಲಿ ವಿವರಿಸಿದಳು. ನಾನು ಕೇಳುತ್ತ ಕುಳಿತೆ. ನನ್ನ ಮನಸ್ಸು ಮಾತ್ರ ಬುಟ್ಟಿಯ ಮೇಲಿರಲಿಲ್ಲ.

ಅವಳ ಶಿಷ್ಯನಾಗಿ ಈ ವರ್ಷಗಳಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಬುಟ್ಟಿ. ತೂಗುಬುಟ್ಟಿಯೆಂದರೆ ಪರದೇಶದ ಫ್ಯಾಶನ್ನೆಂದು ತಿಳಿಯಬೇಕಾಗಿಲ್ಲ. ಹಾಲು ಮೊಸರಿನ ಗಡಿಗೆಗಳನ್ನು ಬೆಕ್ಕಿಗೆ ನಿಲುಕದಂತೆ ತೂಗುಹಾಕುತ್ತಿದ್ದ ನೆಲುವು ನಮ್ಮ ಹಿರಿಯರ ಅಡುಗೆಮನೆಯಲ್ಲಿ ಇತ್ತು. ಬಾಲಕೃಷ್ಣನ ಲೀಲೆಗಳಲ್ಲಿ ಅರ್ಧದಷ್ಟು ಆ ನೆಲುವಿನ ಕೆಳಗೇ ನಡೆದವು. ತಂತಿಯ ಬುಟ್ಟಿಗೆ ತೆಂಗಿನ ನಾರಿನ ಹಾಸು ಹಾಕಿದರೆ ನೋಡಲು ಚೆಂದ, ಆದರೆ ನಮ್ಮ ಬಯಲುಗಾಳಿಗೆ ಅದು ಬೇಸಿಗೆಯಲ್ಲಿ ಮಧ್ಯಾಹ್ನದೊಳಗೆ ಒಣಗುತ್ತದೆ. ಪಕ್ಕದಲ್ಲಿ ನಾಲ್ಕೈದು ತೂತಿರುವ ಮಣ್ಣಿನ ಕುಂಡ ನನ್ನ ಮಟ್ಟಿಗೆ ಮೇಲು. ಕುಂಬಾರರಿಗೆ ಹೇಳಿದರೆ ಹಸಿಯಿದ್ದಾಗಲೇ ತೂತು ಹಾಕಿಕೊಡುತ್ತಾರೆ. ನೀರು ಕುಡಿದ ಕುಂಡದ ಭಾರವನ್ನು ನೆನಪಿನಲ್ಲಿಟ್ಟು ಕೊಂಡಿಯನ್ನು ಗಟ್ಟಿಯಾಗಿ ಹಾಕಿಸಿ. ಕುಂಡ ದೊಡ್ಡದಾಗಬಾರದು. ಬೇರುಗಳು ಸ್ವಲ್ಪ ಇಕ್ಕಟ್ಟಿನಲ್ಲಿದ್ದರೇ ಈ ಗಿಡ ಚೆನ್ನಾಗಿ ಹೂ ಬಿಡುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು.

ಕುಂಡದೊಳಗೆ ಹೊಲದ ಮಣ್ಣು ಒಂದು ಹಿಡಿಯೂ ಬೇಡ. ತೆಂಗಿನ ಸಿಪ್ಪೆಯನ್ನು ಅಡಕೆಯ ಗಾತ್ರಕ್ಕೆ ಕತ್ತರಿಸಿ ಒಂದು ರಾತ್ರಿ ನೆನೆಹಾಕಿ, ಆ ಕಂದುನೀರನ್ನು ಚೆಲ್ಲಿ, ಮತ್ತೊಮ್ಮೆ ತೊಳೆಯಿರಿ. ಸಿಪ್ಪೆಯಲ್ಲಿರುವ ಉಪ್ಪು ಹೋಗಬೇಕು. ಅದು ಮೂರು ಬೊಗಸೆ. ಪೇಟೆಯಲ್ಲಿ ಇಟ್ಟಂಗಿಯಂತೆ ಅಚ್ಚುಹಾಕಿ ಮಾರುವ ನಾರಿನ ಪುಡಿ, ಅದನ್ನೂ ತೊಳೆದು ಹಿಂಡಿದ್ದು, ಎರಡು ಬೊಗಸೆ. ಇದ್ದಿಲಿನ ಚೂರು ಒಂದು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು. ಇಷ್ಟನ್ನು ಕಲಸಿ ಸಡಿಲವಾಗಿ ತುಂಬಿ, ಒತ್ತಬೇಡಿ. ನೀರು ಹಾಕಿದ ಅರೆ ನಿಮಿಷದಲ್ಲಿ ಅದು ಕೆಳಗಿನ ತೂತಿನಿಂದ ಇಳಿಯತೊಡಗಿದರೆ ನಿಮ್ಮ ಮಿಶ್ರಣ ಸರಿಯಾಗಿದೆ.

ನೀರು ಯಾವಾಗ ಹಾಕಬೇಕು? ಈ ಪ್ರಶ್ನೆಗೆ ದಿನಗಳ ಲೆಕ್ಕದಲ್ಲಿ ಉತ್ತರ ಹೇಳುವವರನ್ನು ನಂಬಬೇಡಿ. ನನ್ನ ಗುರುವಾದ ಶಿಷ್ಯೆ ಹೇಳಿಕೊಟ್ಟ ಉಪಾಯ ಒಂದೇ ಮಾತಿನದು: "ಎತ್ತಿ ನೋಡ್ರಿ ಸರ್." ನೀರು ಹಾಕಿದ ಕೂಡಲೇ ಕುಂಡವನ್ನು ಅಂಗೈಯಿಂದ ಮೇಲಕ್ಕೆತ್ತಿ ಅದರ ಭಾರವನ್ನು ಮನಸ್ಸಿಗೆ ತಂದುಕೊಳ್ಳಿ. ಮರುದಿನ ಎತ್ತಿ ನೋಡಿ, ಮೂರನೆಯ ದಿನ ನೋಡಿ. ಹಗುರವಾಗಿದೆಯೆಂದು ಕೈಗೆ ತಿಳಿದ ದಿನ, ಮೇಲಿನ ಒಂದು ಅಂಗುಲ ಆರಿದೆಯೆಂದು ಬೆರಳಿಗೆ ತಿಳಿದ ದಿನ, ಧಾರಾಳವಾಗಿ ಹಾಕಿ, ಇಳಿದುಹೋಗಲು ಬಿಡಿ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಇದು ದಿನ ಬಿಟ್ಟು ದಿನ ಬರುತ್ತದೆ, ಶ್ರಾವಣದ ಜಿಟಿಜಿಟಿಯಲ್ಲಿ ವಾರಕ್ಕೊಮ್ಮೆ. ಎಲೆಯನ್ನು ಬೆರಳುಗಳ ನಡುವೆ ಹಿಡಿದು ನೋಡುವುದೂ ಒಳ್ಳೆಯದು. ನೀರಡಿಸಿದ ಎಲೆ ತೆಳುವಾಗಿ ಸುಕ್ಕುಗಟ್ಟುತ್ತದೆ. ನೀರು ಹೆಚ್ಚಾದ ಎಲೆ ಹಳದಿಯಾಗಿ ಮೆತ್ತಗಾಗಿ ಉದುರುತ್ತದೆ. ನಮ್ಮ ಬೋರಿನ ನೀರು ಗಡುಸು. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಮಾಳಿಗೆಯಿಂದ ಸುರಿಯುವ ಮಳೆನೀರನ್ನು ಹಿಡಿದಿಟ್ಟು ಅದನ್ನೇ ಹಾಕುತ್ತೇನೆ. ಅದು ತೀರಿದಾಗ ಬೋರಿನ ನೀರೇ ಗತಿ. ಆಗ ತಿಂಗಳಿಗೊಮ್ಮೆ ಕುಂಡದ ಮೂಲಕ ನಾಲ್ಕೈದು ತಂಬಿಗೆ ನೀರನ್ನು ಹರಿಯಬಿಟ್ಟು ಉಪ್ಪು ತೊಳೆಯುತ್ತೇನೆ.

ಬೆಳಕಿನ ವಿಷಯ. ಮೂಡಣ ಬಾಗಿಲಿನ ಎಳೆಬಿಸಿಲು ಇದಕ್ಕೆ ಹಿತ. ಮಧ್ಯಾಹ್ನದ ಬಿಸಿಲು ಎಲೆಯನ್ನು ಸುಡುತ್ತದೆ, ಕತ್ತಲೆಯ ಮೂಲೆಯಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಆ ಜಾಗದಲ್ಲಿ ದೀಪವಿಲ್ಲದೆ ಪತ್ರಿಕೆ ಓದಲು ಸುಲಭವಾದರೆ ಗಿಡಕ್ಕೂ ಸಾಕಷ್ಟು ಬೆಳಕಿದೆ ಎಂದು ತಿಳಿಯಿರಿ. ತಂಪಿಗೂ ತೇವಕ್ಕೂ ಮನೆಯಲ್ಲಿ ಹರವಿಯ ಜಾಗಕ್ಕಿಂತ ಒಳ್ಳೆಯದಿಲ್ಲ. ಬೇಸಿಗೆಯ ಬಿಸಿಗಾಳಿ ಬರುವ ಕಡೆಗೆ ಒದ್ದೆ ಗೋಣಿತಟ್ಟನ್ನು ಇಳಿಬಿಡುತ್ತೇವೆ. ಅದರ ತಂಪನ್ನು ಗಿಡದೊಡನೆ ನಾವೂ ಉಣ್ಣುತ್ತೇವೆ. ಎಲೆಗೆ ನೀರು ಚಿಮುಕಿಸುವುದರಿಂದ ವಿಶೇಷ ಲಾಭವಿಲ್ಲ. ಹತ್ತು ನಿಮಿಷದಲ್ಲಿ ಆರಿಹೋಗುತ್ತದೆ, ಚಿಮುಕಿಸಿದವರಿಗೆ ಸಮಾಧಾನ ಉಳಿಯುತ್ತದೆ. ಹುಕ್ಕೇರಿ ನಮಗಿಂತ ಪಡುವಣಕ್ಕೆ, ಸಹ್ಯಾದ್ರಿಗೆ ಹತ್ತಿರ. ದಪ್ಪ ಕಲ್ಲುಗೋಡೆಯ ಅವಳ ಮನೆಯಲ್ಲಿ ಗೋಣಿತಟ್ಟಿನ ಉಪಚಾರವಿಲ್ಲದೆಯೇ ಗಿಡ ಸೊಂಪಾಗಿದೆ. ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಗೊಬ್ಬರ ಮಳೆಗಾಲದಲ್ಲಿ ಮಾತ್ರ, ಹದಿನೈದು ದಿನಕ್ಕೊಮ್ಮೆ, ಚೀಟಿಯ ಮೇಲೆ ಬರೆದ ಪ್ರಮಾಣದ ಕಾಲುಭಾಗ. ಹೆಚ್ಚಾದರೆ ಎಲೆಯ ಸಂಪತ್ತೇ ಸಂಪತ್ತು. ಮಾರ್ಗಶಿರ, ಪುಷ್ಯಗಳ ಚಳಿಯಲ್ಲಿ ನೀರನ್ನು ಇನ್ನಷ್ಟು ಹಿಡಿದು ಹಾಕಿ, ಗೊಬ್ಬರವನ್ನು ಪೂರ್ತಿ ನಿಲ್ಲಿಸಿ ಗಿಡವನ್ನು ಅದರ ಪಾಡಿಗೆ ಬಿಡಬೇಕು. ಆ ಉಪವಾಸ ಮುಗಿದ ಮೇಲೆ ಮೊಗ್ಗು ಬರುತ್ತದೆ. ನಮ್ಮ ಬುಟ್ಟಿಯ ಮೊದಲ ಹೂ 2020ರ ಶಿವರಾತ್ರಿಯ ಸುಮಾರಿಗೆ ಅರಳಿತು. ಹೂ ಹುಟ್ಟುವುದು ಹೊಸ ಬಳ್ಳಿಯ ತುದಿಯಲ್ಲಿ. ಆದ್ದರಿಂದ ಹೂಗಾಲ ಮುಗಿದೊಡನೆ ಬಳ್ಳಿಗಳನ್ನು ಮೂರನೆಯ ಒಂದು ಭಾಗ ಕತ್ತರಿಸಿ. ಕತ್ತರಿಸಿದ್ದನ್ನು ಎಸೆಯಬೇಡಿ, ನಾಲ್ಕೈದು ಅಂಗುಲದ ತುಂಡು ಮಾಡಿ, ಕೆಳಗಿನ ಎಲೆ ತೆಗೆದು, ಒದ್ದೆ ನಾರಿನ ಪುಡಿಗೆ ಉಸುಕು ಬೆರೆಸಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ನೆರಳಲ್ಲಿಟ್ಟರೆ ಮೂರು ನಾಲ್ಕು ವಾರದಲ್ಲಿ ಬೇರು ಬಿಡುತ್ತದೆ. ಗಿಡ ಬುಡದಲ್ಲಿ ಕೊಳೆತಾಗ ಅದನ್ನು ಉಳಿಸುವ ದಾರಿಯೂ ಇದೊಂದೇ. ಎಲೆಯ ಕಂಕುಳಲ್ಲಿ ಹಿಟ್ಟು ಹಚ್ಚಿದಂಥ ತಿಗಣೆ ಕಂಡರೆ, ಅದರ ಹಿಂದೆ ಇರುವೆಯ ಸಾಲಿರುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಬೆರೆಯುವಷ್ಟು ಸಾಬೂನು ಹಾಕಿ ಸಂಜೆ ಸಿಂಪಡಿಸಿ.

ಇಷ್ಟಾದ ಮೇಲೆ ಒಂದು ದಿನ ಪಡಸಾಲೆಗೆ ಅತಿಥಿ ಬರುತ್ತದೆ. ನಮ್ಮಲ್ಲಿಗೆ ಬಂದದ್ದು ಒಂದು ಸೂರಕ್ಕಿ, ಹೆಬ್ಬೆರಳ ಗಾತ್ರದ್ದು. ಬಾಗಿಲಲ್ಲಿ ಚಿಂವ್ ಎಂದು ನಿಂತು, ಒಳಗೆ ಬಂದು, ಬಾಗಿದ ಕೊಕ್ಕನ್ನು ಕೆಂಪು ಕೊಳವೆಯೊಳಗಿಟ್ಟು ಜೇನು ಹೀರಿತು. ಮಲಯ, ಜಾವಾಗಳ ಕಾಡಿನಲ್ಲಿ ಈ ಹೂವಿನ ಪರಾಗವನ್ನು ಒಯ್ಯುವುದು ಸೂರಕ್ಕಿಯ ಬಳಗವೇ. ಈ ಹೂವನ್ನು ಅದು ಮೊದಲು ಕಂಡಿತ್ತೋ ಇಲ್ಲವೋ, ಕೊಳವೆಯ ಭಾಷೆ ಅದಕ್ಕೆ ಗೊತ್ತಿತ್ತು.

ಹಾಗೆ ನೋಡಿದರೆ ಈ ಕುಲ ನಮಗೆ ಪರಕೀಯವೂ ಅಲ್ಲ. ಪೆರೊಟ್ಟೆ ಎಂಬ ಸಸ್ಯಶಾಸ್ತ್ರಜ್ಞನ ಹೆಸರು ಹೊತ್ತ ಇದರ ಸೋದರಜಾತಿಯೊಂದು ನಮ್ಮ ಪಶ್ಚಿಮಘಟ್ಟದ ನಿತ್ಯಹಸುರಿನ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುತ್ತದೆ. ಅದರ ಬೀಜಕ್ಕೆ ಕೂದಲೆಳೆಯಂಥ ಬಾಲಗಳಿವೆ. ಗಾಳಿಯಲ್ಲಿ ತೇಲಿ ಇನ್ನೊಂದು ಮರದ ತೊಗಟೆಗೆ ಅಂಟಿಕೊಳ್ಳಲು ಅದೇ ಸಾಧನ. ನಮ್ಮ ಘಟಪ್ರಭ��ಯೂ ಆ ಘಟ್ಟದಿಂದಲೇ ಇಳಿದು ಬರುತ್ತಾಳೆ. ಇದನ್ನು ಹೇಳಿದ್ದು ಯಾರಾದರೂ ಚೀಲ ಹಿಡಿದು ಕಾಡಿಗೆ ಹೊರಡಲೆಂದಲ್ಲ. ನಾನು 1981ರಲ್ಲಿ ಮಾಡಿದ್ದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಆರ್ಕಿಡ್ ಕುಟುಂಬವಿಡೀ 1973ರ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಯಲ್ಲಿದೆ. ಕಾಯ್ದೆಯ ಮಾತಿರಲಿ, ಒಂದು ಕೊಂಬೆಯ ಮೇಲೆ ನೆಲೆಯೂರಲು ಆ ಗಿಡ ತೆಗೆದುಕೊಂಡ ವರ್ಷಗಳನ್ನು ನಾನು ಒಂದು ನಿಮಿಷದಲ್ಲಿ ಕಿತ್ತುಹಾಕಿದ್ದೆ. ಲಿಪ್‌ಸ್ಟಿಕ್ ಗಿಡವಾದರೋ ನರ್ಸರಿಗಳಲ್ಲಿ ಕಡ್ಡಿಯಿಂದ ಬೆಳೆದದ್ದು; ಕೊಂಡರೆ ಯಾವ ಮರವೂ ಬರಿದಾಗುವುದಿಲ್ಲ.

ಕಳೆದ ಬೇಸಿಗೆಯ ಮಾತನ್ನು ಹೇಳಿ ಮುಗಿಸುತ್ತೇನೆ. ನನ್ನ ಅಕ್ಕ ಮೂಡಲಗಿಯಲ್ಲಿದ್ದಾಳೆ. ನನಗಿಂತ ಒಂಬತ್ತು ವರ್ಷ ಹಿರಿಯಳು, ಮಕ್ಕಳೆಲ್ಲ ದೂರದ ಊರುಗಳಲ್ಲಿ. ನಮ್ಮ ಬುಟ್ಟಿಯ ಕಡ್ಡಿಗಳಿಂದ ಎಬ್ಬಿಸಿದ ಒಂದು ಕುಂಡವನ್ನು ಅವಳಿಗೆ ಕೊಟ್ಟುಬಂದಿದ್ದೆ. ತಿಂಗಳೊಳಗೆ ಫೋನ್ ಬಂತು. "ತಮ್ಮಾ, ದಿನಾ ನೀರ ಹಾಕತೇನಿ, ಆದರೂ ಬಾಡೇತಿ. ಅವ್ವನ ಕೈಗುಣಾನ ನನಗೂ ಬಂದೈತಿ ಅಂತ ಕಾಣಸ್ತೈತಿ."

ನಾನು ಮರುದಿನವೇ ಮೂಡಲಗಿಗೆ ಹೋದೆ. ಕುಂಡದ ಮೇಲೆ ನಾಲ್ಕು ಬೆರಳು ಎರೆಮಣ್ಣು! ಹೊಲದ ಮಣ್ಣು, ಛಲೋ ಮಣ್ಣು ಎಂದು ಆಳಿನಿಂದ ತರಿಸಿ ಹಾಕಿದ್ದಳು. ಅಂಗಳದಲ್ಲಿ ಕುಳಿತು ಇಬ್ಬರೂ ಕೂಡಿ ಗಿಡವನ್ನು ಬಿಡಿಸಿದೆವು. ಕೊಳೆತ ಬೇರನ್ನು ಕತ್ತರಿಸಿ, ಬದುಕಿದ್ದ ಐದು ತುದಿಗಳನ್ನು ನಾರಿನ ಪುಡಿಯಲ್ಲಿ ನೆಡುತ್ತ ಬೇರಿನ ಉಸಿರಿನ ಕಥೆಯನ್ನು ಹೇಳಿದೆ, ಕಣಕುಂಬಿಯ ಕಥೆಯನ್ನೂ ಹೇಳಿದೆ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವ್ವಗ ಇದನ್ನ ಹೇಳವರು ಯಾರೂ ಇದ್ದಿಲ್ಲ ನೋಡು" ಎಂದು ಕೈತೊಳೆಯಲು ಎದ್ದಳು.

ಐದರಲ್ಲಿ ಮೂರು ಕಡ್ಡಿಗಳು ಬೇರು ಬಿಟ್ಟವು. ಈಗಲೂ ಅವಳಿಗೆ ಪೂರ್ತಿ ಧೈರ್ಯ ಬಂದಿಲ್ಲ. ವಾರಕ್ಕೆರಡು ಸಲ ಬೆಳಿಗ್ಗೆ ಫೋನ್ ಬರುತ್ತದೆ.

"ಎತ್ತಿ ನೋಡಿದೆ. ಹಗರ ಐತಿ. ಹಾಕಲೇನು?"

"ಹಾಕಕ್ಕಾ" ಎನ್ನುತ್ತೇನೆ.